ಮೊದಲು ಬಾಗಿಲು, ಆಮೇಲೆ ಬುದ್ಧಿಮಾತು

2025ರ ಫೆಬ್ರವರಿ 12ರಂದು ನಗರಗಳ ವಸತಿಹೀನರ ಪ್ರಕರಣ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಪೀಠದಲ್ಲಿ ನ್ಯಾಯಮೂರ್ತಿ ಬಿ.ಆರ್. ಗವಾಯಿ ಮತ್ತು ನ್ಯಾಯಮೂರ್ತಿ ಎ.ಜಿ. ಮಸೀಹ್ ಇದ್ದರು. ರೇಷನ್ ಪುಕ್ಕಟೆ ಸಿಗುತ್ತದೆ, ದುಡಿಯದೆ ದುಡ್ಡು ಕೈಗೆ ಬರುತ್ತದೆ, ಹಾಗಾಗಿ ಜನ ಕೆಲಸಕ್ಕೆ ಬರಲು ಒಪ್ಪುತ್ತಿಲ್ಲ; ಇವರನ್ನು ಮುಖ್ಯವಾಹಿನಿಗೆ ತರುವ ಬದಲು ಪರೋಪಜೀವಿಗಳ ಒಂದು ವರ್ಗವನ್ನೇ ಬೆಳೆಸುತ್ತಿದ್ದೇವಲ್ಲವೇ ಎಂಬ ಅರ್ಥದ ಮಾತು ಪೀಠದಿಂದ ಬಂತು. ಅದು ತೀರ್ಪಲ್ಲ, ವಿಚಾರಣೆಯ ನಡುವೆ ಬಂದ ಮಾತು. ಆದರೂ ಅದನ್ನು ಓದಿ ತಲೆದೂಗಿದವರು ಬಹಳ ಮಂದಿ. ಅಪಾರ್ಟ್‌ಮೆಂಟಿನ ಸಭೆಯಲ್ಲಿ, ಬಸ್ಸಿನ ಸೀಟಿನಲ್ಲಿ, ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ನಾವು ವರ್ಷಗಳಿಂದ ಕೇಳುತ್ತ ಬಂದ ಮಾತು ಅದೇ: ಮನಸ್ಸಿದ್ದರೆ ಮಾರ್ಗ, ಅವರಿಗೆ ಮನಸ್ಸೇ ಇಲ್ಲ.

ಈ ನಂಬಿಕೆಗೆ ಎರಡು ರೂಪಗಳಿವೆ. ಕಠೋರ ರೂಪ ಹೇಳುವುದು: ಸೋಮಾರಿಗಳು, ಕುಡುಕರು, ಹುಚ್ಚರು, ಹಿಡಿದು ಒಳಗೆ ಹಾಕಿ. ಮೃದು ರೂಪ ಇನ್ನಷ್ಟು ಸಭ್ಯವಾಗಿದೆ: ಮೊದಲು ಆಪ್ತಸಮಾಲೋಚನೆ ಕೊಡೋಣ, ಕುಡಿತ ಬಿಡಿಸೋಣ, ಕೌಶಲ ತರಬೇತಿ ಆಗಲಿ, ಆತ್ಮವಿಶ್ವಾಸ ಬರಲಿ, ಮನೆಯ ಮಾತು ಆಮೇಲೆ. ಮೊದಲನೆಯದನ್ನು ಕೇಳಿ ಮುಖ ಸಿಂಡರಿಸುವ ಸಹೃದಯರು ಎರಡನೆಯದನ್ನು ಒಪ್ಪುತ್ತಾರೆ. ನನ್ನ ತಕರಾರು ಎರಡರ ಮೇಲೂ ಇದೆ. ಎರಡರ ತಳದಲ್ಲೂ ಇರುವುದು ಒಂದೇ ತಪ್ಪು: ಮನಸ್ಸು ಸರಿಯಾದ ಮೇಲೆ ಸೂರು ಎಂಬ ಅನುಕ್ರಮ. ಆ ಅನುಕ್ರಮ ತಲೆಕೆಳಗಾಗಿದೆ. ಬೀದಿಯಲ್ಲಿ ಮಲಗುವವನ ಮನಸ್ಸಿನಲ್ಲಿ ನಾವು ಕಾಣುವ ದೋಷಗಳ ಬಹುಪಾಲು ಬೀದಿಯೇ ಹುಟ್ಟಿಸಿದ್ದು. ಬೀದಿಯಲ್ಲೇ ಇಟ್ಟುಕೊಂಡು ಅವನ್ನು ತಿದ್ದುತ್ತೇವೆ ಎನ್ನುವುದು, ಮುರಿದ ಕಾಲಿಗೆ ಪಟ್ಟಿ ಕಟ್ಟುವ ಮೊದಲು ನಡೆದು ತೋರಿಸು ಎಂದಂತೆ.

ಪುಕ್ಕಟೆಯ ಮಾತನ್ನು ಮೊದಲು ಮುಗಿಸುತ್ತೇನೆ, ಅದು ವಾಸ್ತವದ ಎದುರು ಒಂದು ನಿಮಿಷವೂ ನಿಲ್ಲುವಂಥದ್ದಲ್ಲ. ಕರ್ನಾಟಕದ ಗ್ಯಾರಂಟಿಗಳನ್ನೇ ನೋಡಿ. ಗೃಹಜ್ಯೋತಿಯ ಉಚಿತ ವಿದ್ಯುತ್ತಿಗೆ ಮೀಟರ್ ಬೇಕು, ಮೀಟರಿಗೆ ಗೋಡೆ ಬೇಕು. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿಗೆ ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಎಂದು ಹೆಸರಿರಬೇಕು. ಅನ್ನಭಾಗ್ಯದ ಅಕ್ಕಿಗೂ ಅದೇ ಕಾರ್ಡು. ಅಕ್ಕಿ ಸಿಕ್ಕರೂ ಬೇಯಿಸಲು ಒಲೆ, ಪಾತ್ರೆ, ಅವನ್ನಿಡಲು ಜಾಗ ಬೇಕು. ಶಕ್ತಿ ಯೋಜನೆಯ ಬಸ್ಸಿಗೂ ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ತೋರಿಸಬೇಕು. ಮೆಜೆಸ್ಟಿಕ್ಕಿನ ಮೂಲೆಯಲ್ಲಿ ಮಲಗುವ ಹೆಂಗಸಿನ ಚೀಲವನ್ನು ಒಂದು ರಾತ್ರಿ ಯಾರೋ ಎಗರಿಸಿದರೆ ಅವಳ ಆಧಾರ್ ಕಾರ್ಡು ಅದರೊಳಗೇ ಹೋಗುತ್ತದೆ, ಅದರ ಜೊತೆ ಈ ಎಲ್ಲ ಬಾಗಿಲುಗಳೂ ಮುಚ್ಚುತ್ತವೆ. ಸರ್ಕಾರದ ಸವಲತ್ತು ತಿಂದು ಕೊಬ್ಬಿದ್ದಾರೆ ಎಂದು ಯಾರನ್ನು ದೂರುತ್ತೇವೋ ಅವರಿಗೇ ಸವಲತ್ತು ತಲುಪುವುದು ಅತಿ ಕಡಿಮೆ. ವಿಚಿತ್ರವೆಂದರೆ ಚುನಾವಣಾ ಆಯೋಗ ಈ ಗಂಟನ್ನು ಎಂದೋ ಬಿಡಿಸಿದೆ. ವಸತಿಹೀನ ವ್ಯಕ್ತಿ ಮತದಾರರ ಪಟ್ಟಿಗೆ ಅರ್ಜಿ ಹಾಕಿದರೆ ವಿಳಾಸದ ದಾಖಲೆ ಕೇಳುವಂತಿಲ್ಲ. ಮತಗಟ್ಟೆ ಅಧಿಕಾರಿ ರಾತ್ರಿ ಆ ಜಾಗಕ್ಕೆ ಹೋಗಿ ಆತ ಅಲ್ಲಿ ಮಲಗುತ್ತಾನೆಂದು ಕಣ್ಣಾರೆ ನೋಡಿದರೆ ಸಾಕು. ಓಟಿಗೆ ಸಾಕಾಗುವ ಫುಟ್‌ಪಾತಿನ ವಿಳಾಸ ಅಕ್ಕಿಗೆ ಯಾಕೆ ಸಾಕಾಗುವುದಿಲ್ಲ?

ಇನ್ನು ಕೆಲಸ. ಕಲಾಸಿಪಾಳ್ಯದಲ್ಲಿ, ಕೆ.ಆರ್. ಮಾರುಕಟ್ಟೆಯ ಸುತ್ತಮುತ್ತ ರಾತ್ರಿ ಮಲಗಿದವರು ಬೆಳಗಿನ ಜಾವ ಎದ್ದು ಎಲ್ಲಿಗೆ ಹೋಗುತ್ತಾರೆಂದು ನೋಡುವ ವ್ಯವಧಾನ ನಮಗಿದ್ದರೆ ಸೋಮಾರಿತನದ ಮಾತೇ ಏಳುತ್ತಿರಲಿಲ್ಲ. ಮೂಟೆ ಇಳಿಸುವ ಹಮಾಲರು, ಮೇಸ್ತ್ರಿ ಕರೆದ ಕಡೆ ಗಾರೆ ಕೆಲಸಕ್ಕೆ ಹೋಗುವವರು, ಮದುವೆ ಛತ್ರಗಳಲ್ಲಿ ಕೇಟರಿಂಗಿನವರ ಜೊತೆ ಪಾತ್ರೆ ತೊಳೆಯುವವರು, ಚಿಂದಿ ಆಯ್ದು ಗುಜರಿ ಅಂಗಡಿಗೆ ಹಾಕುವವರು. ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳಗಳಿಂದ ಗುಳೆ ಬಂದವರು ಎಷ್ಟೋ ಜನ. ಇಂಥವರ ಎದುರು ಶರಣರ ಕಾಯಕ ತತ್ವವನ್ನು ತಂದು ನಿಲ್ಲಿಸುವುದು ನಮ್ಮಲ್ಲಿ ರೂಢಿಯಾಗಿದೆ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಾಯಕ ಏನಿತ್ತು? ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು. ಅವರು ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು ಎಂಬ ಪ್ರತೀತಿಯಿದೆ. ಅದೇ ಸೀಮೆಯಿಂದ ಬಂದು ಬೆಂಗಳೂರಿನ ಬೀದಿಯಲ್ಲಿ ರಟ್ಟು, ಪ್ಲಾಸ್ಟಿಕ್ ಆಯುವವಳನ್ನು ಕಾಯಕದ ಹೆಸರಲ್ಲಿ ಹಳಿಯುವವರಿಗೆ ಕಲ್ಯಾಣದ ನೆನಪು ನಿಜಕ್ಕೂ ಇದೆಯೇ ಎಂಬುದು ನನ್ನ ಅನುಮಾನ.

ಆದರೆ ವಿರೋಧಿಗಳ ಬಲವಾದ ವಾದ ಇದಲ್ಲ. ದುಡಿಯುವವರು ಇದ್ದಾರೆ, ಒಪ್ಪೋಣ. ಆದರೆ ದುಡಿದದ್ದನ್ನು ಉಳಿಸುವುದಿಲ್ಲ, ನಾಳೆಯ ಯೋಚನೆಯಿಲ್ಲ, ಹೇಳಿದ ಹೊತ್ತಿಗೆ ಬರುವುದಿಲ್ಲ, ಸಣ್ಣದಕ್ಕೆ ಸಿಡುಕುತ್ತಾರೆ, ಯಾರನ್ನೂ ನಂಬುವುದಿಲ್ಲ ಎನ್ನುತ್ತಾರೆ. ಬೀದಿಯ ಜನರ ಜೊತೆ ಕೆಲಸ ಮಾಡಿದ ಯಾರೂ ಇದನ್ನು ಪೂರ್ತಿ ಅಲ್ಲಗಳೆಯಲಾರರು. ಪ್ರಶ್ನೆ ಇರುವುದು ಇದು ಎಲ್ಲಿಂದ ಬಂತು ಎಂಬುದರಲ್ಲಿ.

ಫುಟ್‌ಪಾತಿನ ರಾತ್ರಿಯನ್ನು ಗಂಟೆಗಳ ಲೆಕ್ಕದಲ್ಲಿ ನೋಡಬೇಕು. ಅಂಗಡಿಗಳು ಷಟರ್ ಎಳೆಯುವವರೆಗೆ ಜಗುಲಿ ಖಾಲಿಯಾಗುವುದಿಲ್ಲ. ನಡುರಾತ್ರಿ ದಾಟುತ್ತಿದ್ದಂತೆ ಮಾರುಕಟ್ಟೆಗೆ ಹೂವು, ತರಕಾರಿಯ ಲಾರಿಗಳು ಬರಲು ಶುರು. ನಡುವೆ ಸಿಗುವ ಎರಡು ಮೂರು ಗಂಟೆಯಲ್ಲಿ ಬೀಟ್ ಪೊಲೀಸರ ಲಾಠಿ, ನಾಯಿ, ಸೊಳ್ಳೆ, ಮಳೆ, ತಲೆಯ ಕೆಳಗಿನ ಚೀಲಕ್ಕೆ ಕೈಹಾಕುವವರು. ಗಾಢವಾಗಿ ಮಲಗಿದವನು ಬೆಳಗಾಗುವಾಗ ಮೊಬೈಲು, ಚಪ್ಪಲಿ, ಕೂಲಿ ಹಣ ಕಳೆದುಕೊಂಡಿರುತ್ತಾನೆ. ಹೆಂಗಸರ ಸ್ಥಿತಿ ಬೇರೆಯೇ: ರಾತ್ರಿಯಿಡೀ ಕೂತು, ಹಗಲು ಜನ ಓಡಾಡುವ ಕಡೆ, ಗುಡಿಯ ಹೊರಗೋ ಆಸ್ಪತ್ರೆಯ ಆವರಣದಲ್ಲೋ ಕಣ್ಣು ಮುಚ್ಚುವವರಿದ್ದಾರೆ. ಹಗಲು ತೂಕಡಿಸುವ ಅಂಥವಳನ್ನು ನೋಡಿ ದಾರಿಹೋಕರು ಸೋಮಾರಿ ಎನ್ನುತ್ತಾರೆ. ಸದಾ ಅರೆ ಎಚ್ಚರದಲ್ಲಿರುವುದು, ಹತ್ತಿರ ಬಂದವರನ್ನೆಲ್ಲ ಶಂಕಿಸುವುದು, ಮೊದಲು ಗದರಿ ಆಮೇಲೆ ಮಾತಾಡುವುದು, ಕೈಗೆ ಬಂದ ದುಡ್ಡನ್ನು ಕದ್ದುಹೋಗುವ ಮೊದಲು ಖರ್ಚು ಮಾಡುವುದು: ಅಲ್ಲಿ ಜೀವ ಉಳಿಸಿಕೊಳ್ಳಲು ಇದೆಲ್ಲ ಬೇಕು. ಬಾಗಿಲಿಗೆ ಬೀಗವಿರುವ ನಮ್ಮ ಕಣ್ಣಿಗೆ ಅದೇ ವ್ಯಕ್ತಿತ್ವದ ಕೊರತೆಯಾಗಿ ಕಾಣುತ್ತದೆ.

ನಿದ್ದೆಗೆಟ್ಟ ಬಡತನ ಮನಸ್ಸಿಗೆ ಏನು ಮಾಡುತ್ತದೆಂಬುದು ಊಹೆಯ ಮಾತಲ್ಲ. ತಮಿಳುನಾಡಿನ ವಿಳುಪ್ಪುರಂ, ತಿರುವಣ್ಣಾಮಲೈ ಜಿಲ್ಲೆಗಳ 464 ಕಬ್ಬು ಬೆಳೆಗಾರರನ್ನು ಕುರಿತ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಸೆಂಥಿಲ್ ಮುಲ್ಲೈನಾಥನ್, ಎಲ್ಡರ್ ಶಫೀರ್ ಅದರ ಸಂಶೋಧಕರಲ್ಲಿದ್ದರು. ಕಟಾವಿನ ಮೊದಲು ಕೈ ಬರಿದಾಗಿರುವಾಗ ಮತ್ತು ಕಟಾವಿನ ನಂತರ ಹಣ ಬಂದಾಗ, ಅದೇ ರೈತನಿಗೆ ಬುದ್ಧಿ, ಗಮನಗಳ ಪರೀಕ್ಷೆ ಕೊಟ್ಟರು. ಕೈ ಬರಿದಾಗಿದ್ದಾಗ ಅದೇ ಮನುಷ್ಯನ ಅಂಕ ಕಡಿಮೆ. ಆ ಕೆಲವು ತಿಂಗಳಲ್ಲಿ ಅವನ ಶೀಲ ಬದಲಾಗಿರಲಿಲ್ಲ, ಬದಲಾದದ್ದು ಕೈಯಲ್ಲಿನ ಕಾಸು. ಕಾರ್ಖಾನೆಯ ಬಾಕಿಗೆ ಕಾದು ಕೂತ ಮಂಡ್ಯದ ರೈತನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಚೆನ್ನೈಯಲ್ಲಿ ಬಡ ದುಡಿಯುವ ಜನರ ನಿದ್ದೆಯನ್ನು ಅಳೆದ ಇನ್ನೊಂದು ಅಧ್ಯಯನ 2021ರಲ್ಲಿ ಬಂತು. ಅದರ ಫಲಿತಾಂಶ ಸರಳವಾಗಿಲ್ಲ, ಆದ್ದರಿಂದಲೇ ನನಗೆ ಮುಖ್ಯ. ಅದರಲ್ಲಿದ್ದವರು ವಸತಿಹೀನರಲ್ಲ, ಗೋಡೆ ಸೂರು ಇದ್ದವರು. ಹಾಸಿಗೆಯಲ್ಲಿ ಎಂಟು ಗಂಟೆ ಕಳೆದರೂ ಅವರಿಗೆ ಸಿಗುತ್ತಿದ್ದ ನಿದ್ದೆ ಸರಾಸರಿ ಐದೂವರೆ ಗಂಟೆ. ಕಣ್ಣುಪಟ್ಟಿ, ಕಿವಿಗೆ ಬೆಣೆ, ಫ್ಯಾನು ಇತ್ಯಾದಿ ಕೊಟ್ಟಾಗ ರಾತ್ರಿಯ ನಿದ್ದೆ ಅರ್ಧ ಗಂಟೆಯಷ್ಟು ಹೆಚ್ಚಿತು, ಆದರೆ ಕೆಲಸದಲ್ಲಿ ಸುಧಾರಣೆ ಕಾಣಲಿಲ್ಲ. ಅವರಲ್ಲೇ ಕೆಲವರಿಗೆ ಕೆಲಸದ ಜಾಗದಲ್ಲೇ ಶಾಂತವಾದ ಕಡೆ ಮಧ್ಯಾಹ್ನ ಅರ್ಧ ಗಂಟೆ ಮಲಗಲು ಬಿಟ್ಟಾಗ ಕೆಲಸವೂ ಸುಧಾರಿಸಿತು, ಮನಸ್ಸೂ ಹಗುರಾಯಿತು. ಎಷ್ಟು ಹೊತ್ತು ಮಲಗಿದರು ಎಂಬುದರಷ್ಟೇ ಎಂಥಲ್ಲಿ ಮಲಗಿದರು ಎಂಬುದೂ ಲೆಕ್ಕಕ್ಕೆ ಬರುತ್ತದೆ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ಫುಟ್‌ಪಾತಿನವರಿಗೆ ಚಳಿಗಾಲದಲ್ಲಿ ಕಂಬಳಿ ಹಂಚಿ ಫೋಟೊ ತೆಗೆಸಿಕೊಳ್ಳುವ ಸಂಘಸಂಸ್ಥೆಗಳು ಇದನ್ನು ಯೋಚಿಸಬೇಕು. ಕಂಬಳಿ ಬೇಡ ಎನ್ನುತ್ತಿಲ್ಲ. ಕಂಬಳಿ ಚಳಿ ತಡೆಯುತ್ತದೆ, ಲಾಠಿಯನ್ನು ತಡೆಯುವುದಿಲ್ಲ.

ಈಗ ಕುಡಿತಕ್ಕೆ, ಮಾನಸಿಕ ಕಾಯಿಲೆಗೆ ಬರೋಣ. ಇವು ಬೀದಿಯಲ್ಲಿವೆ, ಬಹಳ ಇವೆ. ಕೆಲವರನ್ನು ಕಾಯಿಲೆಯೇ ಮನೆಯಿಂದ ಹೊರಗೆ ತಂದಿರುತ್ತದೆ. ಊರು ತಪ್ಪಿ, ಭಾಷೆ ತಿಳಿಯದ ರಾಜ್ಯದ ರೈಲು ನಿಲ್ದಾಣಕ್ಕೆ ಬಂದು ಬಿದ್ದವರಿದ್ದಾರೆ. ಮೊದಲು ಚಿಕಿತ್ಸೆ ಎನ್ನುವುದು ಇವರ ವಿಷಯದಲ್ಲಂತೂ ನಿಜವಲ್ಲವೇ ಎಂದು ವೈದ್ಯರೂ ಕೇಳುತ್ತಾರೆ. ಆದರೆ ಮಾತ್ರೆಯ ಗತಿಯನ್ನೇ ನೋಡಿ. ಮನೋರೋಗಕ್ಕೆ ಕೊಡುವ ಹಲವು ಮಾತ್ರೆಗಳು ಮಂಪರು ತರುತ್ತವೆ. ಮನೆಯಲ್ಲಿರುವವಳಿಗೆ ಅದು ತೊಂದರೆ ಅಷ್ಟೆ. ಬಸ್ ನಿಲ್ದಾಣದಲ್ಲಿ ಮಲಗುವವಳಿಗೆ ಅದು ಅತ್ಯಾಚಾರದ ಭಯ. ಅವಳು ಮಾತ್ರೆ ಬಿಡುವುದರಲ್ಲಿ ಹುಚ್ಚಿಗಿಂತ ವಿವೇಕ ಹೆಚ್ಚಿದೆ. ಮಾತ್ರೆಯನ್ನು ಮಳೆಯಿಂದ ಕಾಪಾಡುವುದೆಲ್ಲಿ, ಆಸ್ಪತ್ರೆಯವರು ಮುಂದಿನ ತಾರೀಖು ಕೊಟ್ಟ ಚೀಟಿ ಇಟ್ಟುಕೊಳ್ಳುವುದೆಲ್ಲಿ? ಕುಡಿತವೂ ಅಷ್ಟೆ. ಮೈನೋವು, ಚಳಿ, ಗದ್ದಲದ ನಡುವೆ ಎರಡು ಗಂಟೆ ಕಣ್ಣು ಮುಚ್ಚಲು ಸುಲಭವಾಗಿ ಸಿಗುವ ಔಷಧ ಅದೊಂದೇ. ಕುಡಿತ ಬಿಟ್ಟು ಬಾ, ಜಾಗ ಕೊಡುತ್ತೇನೆ ಎಂದರೆ ಅವನು ನಿದ್ದೆ ಬಿಟ್ಟು ಬರಬೇಕಾಗುತ್ತದೆ.

ಅನುಕ್ರಮವನ್ನು ತಿರುಗಿಸಿ ನೋಡಿದವರು ಇದ್ದಾರೆ. 1992ರಲ್ಲಿ ನ್ಯೂಯಾರ್ಕಿನಲ್ಲಿ ಸ್ಯಾಮ್ ಟ್ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞ ಬೀದಿಯಲ್ಲಿದ್ದ ಮಾನಸಿಕ ರೋಗಿಗಳಿಗೆ ನೇರವಾಗಿ ಬಾಡಿಗೆ ಮನೆ ಕೊಡಿಸತೊಡಗಿದರು. ಕುಡಿತ ಬಿಟ್ಟಿರಬೇಕು, ಚಿಕಿತ್ಸೆಗೆ ಒಪ್ಪಿರಬೇಕು ಎಂಬ ಷರತ್ತಿಲ್ಲ, ಆದಾಯದ ಶೇ. 30ರಷ್ಟು ಬಾಡಿಗೆ, ಬೇಕೆಂದಾಗ ಬಂದು ನೋಡುವ ವೈದ್ಯರು, ಕಾರ್ಯಕರ್ತರು. ನಾಲ್ಕು ದಿನದಲ್ಲಿ ಮನೆ ಹಾಳುಮಾಡಿ ಬೀದಿಗೆ ಮರಳುತ್ತಾರೆ ಎಂದವರ ಮಾತು ಸುಳ್ಳಾಯಿತು. ಕೆನಡಾ ಸರ್ಕಾರ 2009ರಿಂದ 2013ರವರೆಗೆ ಐದು ನಗರಗಳಲ್ಲಿ, ಮಾನಸಿಕ ಕಾಯಿಲೆಯಿದ್ದ ಎರಡು ಸಾವಿರಕ್ಕೂ ಹೆಚ್ಚು ವಸತಿಹೀನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಇದನ್ನು ಪರೀಕ್ಷಿಸಿತು. ಕೊನೆಯ ಆರು ತಿಂಗಳು ಪೂರ್ತಿ ಮನೆಯಲ್ಲೇ ಉಳಿದವರು ಮೊದಲು ಮನೆ ಪಡೆದ ಗುಂಪಿನಲ್ಲಿ ಶೇ. 62, ಹಳೆಯ ಕ್ರಮದಲ್ಲಿದ್ದ ಗುಂಪಿನಲ್ಲಿ ಶೇ. 31. ಇನ್ನೊಂದು ಸಂಗತಿಯನ್ನೂ ಹೇಳಬೇಕು: ರೋಗಲಕ್ಷಣ ಮತ್ತು ವ್ಯಸನದಲ್ಲಿ ಎರಡು ಗುಂಪುಗಳ ಸುಧಾರಣೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು. ಮನೆ ಕೊಟ್ಟೊಡನೆ ಕಾಯಿಲೆ ಮಾಯವಾಗುತ್ತದೆ ಎಂದು ನಾನು ವಾದಿಸುತ್ತಿಲ್ಲ. ಮನೆಯಲ್ಲಿ ಉಳಿಯಲು ಕಾಯಿಲೆ ಮೊದಲು ವಾಸಿಯಾಗಿರಬೇಕು ಎಂಬ ನಂಬಿಕೆಗೆ ಆಧಾರವಿಲ್ಲ ಎನ್ನುತ್ತಿದ್ದೇನೆ. ಅಂಥ ಕಾಯಿಲೆ ಹೊತ್ತೇ ಅವರು ಬಾಡಿಗೆದಾರರಾಗಿ ಬಾಳಿದರು. ನಮ್ಮ ನಿಮ್ಮ ಮನೆಗಳಲ್ಲೂ ಕುಡಿಯುವವರು, ಖಿನ್ನತೆಯವರು ಇದ್ದೇ ಇದ್ದಾರೆ. ಅವರನ್ನು ಯಾರೂ ಹೊರಗೆ ಮಲಗಿಸಿಲ್ಲ.

ಫಿನ್ಲೆಂಡ್ 2008ರಿಂದ ಮೊದಲು ಮನೆ ಎಂಬುದನ್ನೇ ರಾಷ್ಟ್ರೀಯ ನೀತಿ ಮಾಡಿಕೊಂಡು, ದೊಡ್ಡ ರಾತ್ರಿ ತಂಗುದಾಣಗಳನ್ನು ಸಣ್ಣ ಸಣ್ಣ ಮನೆಗಳಾಗಿ ಬದಲಿಸಿತು. ಶ್ರೀಮಂತ ದೇಶಗಳ ಮಾತು ನಮಗೆ ಬೇಡ ಎನ್ನುವವರಿಗೆ ಇಲ್ಲೇ ಪಕ್ಕದ ಚೆನ್ನೈ ಇದೆ. 1993ರಲ್ಲಿ ವಂದನಾ ಗೋಪಿಕುಮಾರ್, ವೈಷ್ಣವಿ ಜಯಕುಮಾರ್ ಕಟ್ಟಿದ 'ದಿ ಬ್ಯಾನಿಯನ್' ಸಂಸ್ಥೆ ಬೀದಿಯಲ್ಲಿದ್ದ ಮನೋರೋಗಿ ಹೆಂಗಸರಿಗೆ ಆಸರೆಯಾಗಿ ಶುರುವಾದದ್ದು. ಚಿಕಿತ್ಸೆ ಮುಗಿದರೂ ಮನೆಯವರು ಕರೆದೊಯ್ಯದೆ ವರ್ಷಗಟ್ಟಲೆ ಸಂಸ್ಥೆಯೊಳಗೇ ಉಳಿದವರಿಗಾಗಿ ಅವರು ಸಾಮಾನ್ಯ ಬೀದಿಗಳಲ್ಲಿ ಬಾಡಿಗೆ ಮನೆ ಹಿಡಿದರು. ಒಂದು ಮನೆಯಲ್ಲಿ ನಾಲ್ಕೈದು ಮಂದಿ, ಜೊತೆಗೆ ನೆರವಿಗೊಬ್ಬರು. ಅಡಿಗೆ ಏನೆಂದು ಅವರೇ ತೀರ್ಮಾನಿಸುತ್ತಾರೆ, ಅಂಗಡಿಗೆ ಹೋಗುತ್ತಾರೆ, ಅಕ್ಕಪಕ್ಕದವರ ಜೊತೆ ಮಾತಿಗೆ ನಿಲ್ಲುತ್ತಾರೆ. ಯಾರ ಮಾನಸಿಕ ಸಾಮರ್ಥ್ಯದ ಮೇಲೆ ಸಮಾಜ ಆಸೆ ಬಿಟ್ಟಿತ್ತೋ ಅಂಥವರು ಸಂಸಾರ ನಡೆಸಿ ತೋರಿಸಿದರು. ನಮ್ಮ ದೇಶದ ಕಾನೂನೂ ಇದನ್ನೇ ಹೇಳುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮದ 19ನೇ ಕಲಮಿನ ಪ್ರಕಾರ, ಕುಟುಂಬವಿಲ್ಲ, ಮನೆಯಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇರಿಸಿಕೊಳ್ಳುವಂತಿಲ್ಲ.

ಹಣ ಕೊಟ್ಟರೆ ಕುಡಿದು ಹಾಕುತ್ತಾರೆ ಎಂಬ ಮಾತಿಗೂ ಒಂದು ಉತ್ತರವಿದೆ. ಕೆನಡಾದ ವ್ಯಾಂಕೂವರಿನಲ್ಲಿ ಐವತ್ತು ಮಂದಿ ವಸತಿಹೀನರಿಗೆ ತಲಾ 7,500 ಡಾಲರನ್ನು ಯಾವ ಷರತ್ತೂ ಇಲ್ಲದೆ ಕೈಗಿತ್ತರು. ಮುಂದಿನ ಒಂದು ವರ್ಷದಲ್ಲಿ ಅವರು ಬೀದಿಯಲ್ಲಿ ಕಳೆದ ದಿನಗಳು ಕಡಿಮೆಯಾದವು. ಕುಡಿತ, ತಂಬಾಕಿನ ಖರ್ಚು ಹೆಚ್ಚಲಿಲ್ಲ. ಆ ಪ್ರಯೋಗದಲ್ಲಿ ತೀವ್ರ ವ್ಯಸನಿಗಳನ್ನು ಸೇರಿಸಿರಲಿಲ್ಲ ಎಂಬುದು ನಿಜ. ಆದರೆ ಬೀದಿಯ ಜನರೆಲ್ಲ ತೀವ್ರ ವ್ಯಸನಿಗಳು ಎಂದುಕೊಂಡಿದ್ದವರು ನಾವೇ ತಾನೆ?

ಸೂರು ಮೊದಲು ಎಂದಾಗ ಯಾವ ಸೂರು ಎಂದು ಕೇಳದಿದ್ದರೆ ನನ್ನ ವಾದ ಅಪಾಯಕಾರಿಯಾಗುತ್ತದೆ. ಸೂರಿನ ಹೆಸರಲ್ಲಿ ನಾವು ಏನು ಕಟ್ಟಿದ್ದೇವೆಂದು ಬೆಂಗಳೂರಿನ ಮಾಗಡಿ ರಸ್ತೆಗೆ ಗೊತ್ತು. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಅಧಿನಿಯಮದ ಅಡಿಯಲ್ಲಿ ಬೀದಿಯಿಂದ ಹಿಡಿದು ತಂದವರನ್ನು ಅಲ್ಲಿನ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಇರಿಸುತ್ತಾರೆ. ಜನರ ಬಾಯಲ್ಲಿ ಅದು ಬೆಗ್ಗರ್ಸ್ ಕಾಲೊನಿ. 2010ರ ಆಗಸ್ಟಿನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಅಲ್ಲಿ ಹಲವರು ಸತ್ತಾಗ ನಾಡು ಬೆಚ್ಚಿತು. ಆ ವರ್ಷ ಅಷ್ಟರೊಳಗೆ ಸತ್ತವರ ಲೆಕ್ಕ ಇನ್ನೂರನ್ನು ದಾಟಿತ್ತು. ಭಿಕ್ಷೆ ಬೇಡದ ಕೂಲಿಕಾರರನ್ನೂ ಹಿಡಿದು ತಂದಿದ್ದರೆಂದು ಆಗ ವರದಿಯಾಯಿತು. ಅವರ ತಲೆಯ ಮೇಲೂ ಸೂರಿತ್ತು. ಒಳಗಿನಿಂದ ಚಿಲಕ ಹಾಕಿಕೊಳ್ಳುವ ಬಾಗಿಲು ಇರಲಿಲ್ಲ, ಹೊರಗಿನಿಂದ ಬೀಗ ಹಾಕಿದ ಗೇಟಿತ್ತು. ದೆಹಲಿ ಹೈಕೋರ್ಟ್ 2018ರಲ್ಲಿ ಭಿಕ್ಷೆ ಬೇಡುವುದನ್ನು ಅಪರಾಧವಾಗಿಸುವ ಅಲ್ಲಿನ ಕಾನೂನಿನ ಕಲಮುಗಳನ್ನು ರದ್ದುಮಾಡಿತು. 2021ರಲ್ಲಿ, ಕೋವಿಡ್ ನಡುವೆ ಭಿಕ್ಷುಕರನ್ನು ರಸ್ತೆಗಳಿಂದ ತೆಗೆಯಬೇಕೆಂಬ ಬೇಡಿಕೆಗೆ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಬೇರೆ ದಾರಿಯಿಲ್ಲದೆ ಜನ ಬೇಡುತ್ತಾರೆ ಎಂದು ಅಂದಿನ ಪೀಠ ಕಂಡಿತ್ತು. ನಮ್ಮ 1975ರ ಕಾನೂನು ಮಾತ್ರ ಹಾಗೇ ಇದೆ.

ಊರಾಚೆಯ ಸೂರೂ ಸೂರಲ್ಲ. ಮುಂಬೈಯ ಫುಟ್‌ಪಾತ್ ವಾಸಿಗಳ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1985ರಲ್ಲೇ ಇದನ್ನು ಗುರುತಿಸಿತ್ತು: ಅವರು ಅಲ್ಲಿ ಮಲಗುವುದು ಕೆಲಸ ಅಲ್ಲೇ ಹತ್ತಿರದಲ್ಲಿರುವುದರಿಂದ, ಜಾಗ ಹೋದರೆ ಜೀವನೋಪಾಯವೂ ಹೋಗುತ್ತದೆ. 2013ರ ಜನವರಿಯಲ್ಲಿ ಬೆಂಗಳೂರಿನ ಈಜಿಪುರದಿಂದ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಒಕ್ಕಲೆಬ್ಬಿಸಿದಾಗ ಎಷ್ಟೋ ಮಂದಿ ದೂರದ ಸೂಲಿಕುಂಟೆಗೆ ಹೋಗಿ ಎಂಬ ಮಾತಿಗೆ ಒಪ್ಪದೆ ಅಲ್ಲೇ ರಸ್ತೆ ಬದಿಯಲ್ಲಿ ಟಾರ್ಪಾಲು ಕಟ್ಟಿಕೊಂಡು ವರ್ಷಗಟ್ಟಲೆ ಉಳಿದರು. ಕೋರಮಂಗಲದ ಮನೆಗೆಲಸ, ಮಕ್ಕಳ ಶಾಲೆ, ಸಾಲ ಕೊಡುವ ಅಂಗಡಿಯವನು, ಕಷ್ಟಕ್ಕಾಗುವ ನೆರೆಯವಳು, ಎಲ್ಲವೂ ಅಲ್ಲೇ ಇತ್ತು. ಮನೆ ಕೊಟ್ಟರೂ ಹೋಗುವುದಿಲ್ಲ, ಇವರಿಗೆ ಬೀದಿಯೇ ರೂಢಿ ಎಂದು ಇದನ್ನು ತಿರುಚುತ್ತಾರೆ. ಅದು ರೂಢಿಯಾಗಿರಲಿಲ್ಲ, ಲೆಕ್ಕಾಚಾರವಾಗಿತ್ತು, ಸರಿಯಾದ ಲೆಕ್ಕಾಚಾರವೇ ಆಗಿತ್ತು. ಸರ್ಕಾರದ ರಾತ್ರಿ ತಂಗುದಾಣಗಳು ಎಷ್ಟೋ ಕಡೆ ಖಾಲಿ ಉಳಿಯುವುದಕ್ಕೂ ಇಂಥದೇ ಕಾರಣಗಳು. ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ, ಸಾಮಾನಿಗೆ ಬೀಗವಿಲ್ಲ, ಬೆಳಗಾದರೆ ಹೊರಗೆ. ಕೇಂದ್ರದ ಮಾರ್ಗಸೂಚಿ ಲಕ್ಷ ಜನಸಂಖ್ಯೆಗೆ ನೂರು ಮಂದಿಯ ತಂಗುದಾಣ, ತಲೆಗೆ ಐವತ್ತು ಚದರಡಿ ಎನ್ನುತ್ತದೆ. ಪ್ರಾಣ ಉಳಿಸಲು ಅದು ಬೇಕು. ಬೀದಿಯನ್ನು ದಾಟಲು ಅದು ಸಾಲದು.

ಇಷ್ಟಾದ ಮೇಲೆ ಬರುವ ಕೊನೆಯ ಪ್ರಶ್ನೆ ದುಡ್ಡಿನದು. 2011ರ ಜನಗಣತಿಯಲ್ಲಿ, ಒಂದೇ ರಾತ್ರಿ ಎಣಿಸಿದಾಗ, ದೇಶದಲ್ಲಿ 17 ಲಕ್ಷಕ್ಕೂ ಹೆಚ್ಚು ವಸತಿಹೀನರು ಸಿಕ್ಕಿದ್ದರು. ಇಷ್ಟು ಜನರಿಗೆ ಮನೆ ಎಲ್ಲಿಂದ ತರುವುದು ಎನ್ನುತ್ತಾರೆ. ನಮ್ಮ ರಾಜ್ಯದಲ್ಲಿ ಶುರುಮಾಡಲು ಹೊಸ ಹಣವೂ ಬೇಡ. ಆಸ್ತಿ ತೆರಿಗೆಯ ಜೊತೆ ಶೇ. 3ರಷ್ಟು ಭಿಕ್ಷುಕರ ಕರವನ್ನು ನಾವೆಲ್ಲ ಕಟ್ಟುತ್ತಲೇ ಇದ್ದೇವೆ. ವಸೂಲಾದ ಕರವನ್ನು ಸ್ಥಳೀಯ ಸಂಸ್ಥೆಗಳು ನಿರಾಶ್ರಿತರ ಕೇಂದ್ರಗಳನ್ನು ನಡೆಸುವ ಪರಿಹಾರ ಸಮಿತಿಗೆ ದಾಟಿಸದೆ ಬಾಕಿ ಉಳಿಸಿಕೊಂಡದ್ದು ಮತ್ತೆ ಮತ್ತೆ ಸುದ್ದಿಯಾಗಿದೆ. ದಾಟಿದ ಹಣ ಹೋಗುವುದು ಹಿಡಿದು ಕೂಡಿಹಾಕುವ ವ್ಯವಸ್ಥೆಗೆ. 1975ರ ಆ ಭಿಕ್ಷಾಟನೆ ಕಾನೂನಿನಿಂದ ಬಂಧನದ ಕಲಮುಗಳನ್ನು ತೆಗೆದು, ಕರವನ್ನು ಬಾಡಿಗೆ ಮನೆಗಳತ್ತ ತಿರುಗಿಸಬೇಕು. ಮೂಟೆ ಹೊರುವವನಿಗೆ, ಪಾತ್ರೆ ತೊಳೆಯುವವಳಿಗೆ ಸಣ್ಣ ಕೋಣೆಯೊಂದರ ತಿಂಗಳ ಬಾಡಿಗೆಯನ್ನು ಇಬ್ಬರು ಮೂವರು ಸೇರಿ ಕಟ್ಟುವುದು ಅಸಾಧ್ಯವಲ್ಲ. ಅವರನ್ನು ಹೊಸ್ತಿಲಲ್ಲೇ ತಡೆಯುವುದು ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸು, ಮತ್ತು ಮಾಲೀಕ ಕೇಳುವ 'ನಿಮ್ಮ ಗುರುತಿನವರು ಯಾರಿದ್ದಾರೆ' ಎಂಬ ಪ್ರಶ್ನೆ. ಮಾರುಕಟ್ಟೆಗೆ, ಯಶವಂತಪುರದ ಯಾರ್ಡಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಕೋಣೆ ಹಿಡಿದು, ಕರಾರಿಗೆ ಸಮಿತಿಯೇ ಜಾಮೀನು ನಿಲ್ಲಲಿ, ವಾರಕ್ಕೊಮ್ಮೆ ಬಂದು ವಿಚಾರಿಸಲು ಒಬ್ಬರನ್ನು ನೇಮಿಸಲಿ, ಆ ಅಡ್ವಾನ್ಸನ್ನು ಈ ಕರದಿಂದ ಕಟ್ಟಲಿ. ಕೋಣೆ ಬಿಟ್ಟಾಗ ಆ ಹಣ ಸಮಿತಿಗೇ ಮರಳುತ್ತದೆ, ಇನ್ನೊಬ್ಬರ ಬಾಗಿಲಿಗೆ ಅದೇ ಆಗುತ್ತದೆ.